ಯಾರೋ ಎತ್ತಿಟ್ಟ ಕಾಗದಗಳು

ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರು ಮನೆಗೆ ಬರೆದ ಕಾಗದಗಳ ಬಗ್ಗೆ ಮಾತು ಅಂದ್ರೆ, ವಿಷಯ ಗೊತ್ತಿರೋರೆಲ್ಲ ಕಾಯೋದು ಒಂದೇ ಹೆಸರಿಗೆ, ಸಲಿವನ್ ಬಲ್ಲೂ. ಅದನ್ನ ಮೊದ್ಲೇ ಹೇಳಿ ಮುಗಿಸ್ತೀನಿ, ಇಲ್ಲಾಂದ್ರೆ ಕೊನೇವರೆಗೂ ನೀವು ಅದನ್ನೇ ಕಾಯ್ತಾ ಕೂತಿರ್ತೀರಿ.

ಬಲ್ಲೂ ರೋಡ್ ಐಲೆಂಡ್ ರಾಜ್ಯದ ವಕೀಲ, ಅಲ್ಲಿನ ಕೆಳಮನೆಗೆ ಸ್ಪೀಕರ್ ಆಗಿದ್ದವನು. 1861ರಲ್ಲಿ, ಗುಲಾಮಗಿರಿ ಉಳಿಸ್ಕೊಳ್ಳೋಕೆ ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಒಕ್ಕೂಟದಲ್ಲೇ ಉಳಿದ ಉತ್ತರದವರಿಗೂ ಯುದ್ಧ ಶುರುವಾದಾಗ ಅವನಿಗೆ 32 ವಯಸ್ಸು, ಹೆಂಡತಿ ಸಾರಾ, ಇಬ್ರು ಚಿಕ್ಕ ಗಂಡುಮಕ್ಳು. ಹೋಗ್ಲೇಬೇಕು ಅಂತೇನೂ ಇರ್ಲಿಲ್ಲ, ತಾನಾಗೇ ಸೇರ್ಕೊಂಡ, ಉತ್ತರದ ಸೈನ್ಯದ ಎರಡನೇ ರೋಡ್ ಐಲೆಂಡ್ ದಳದಲ್ಲಿ ಮೇಜರ್ ಆದ. ಜುಲೈ 14ಕ್ಕೆ ವಾಷಿಂಗ್ಟನ್‌ನ ಕ್ಯಾಂಪ್‌ನಲ್ಲಿ ಕೂತು ಸಾರಾಗೆ ಬರೀತಾನೆ, ನಾವು ಇನ್ನೇನು ಹೊರಡ್ತೀವಿ, ನಾಳೆನೇ ಇರ್ಬಹುದು, ಮತ್ತೆ ಬರೆಯೋಕೆ ಆಗುತ್ತೋ ಇಲ್ವೋ ಅಂತ. ದೇಶದ ಋಣ ಒಂದು ಕಡೆ ಎಳೀತಿದೆ, ನೀನು ಇನ್ನೊಂದು ಕಡೆ ಎಳೀತಿದೀಯ ಅಂತಾನೆ. ತಾನು ಚಿಕ್ಕವನಿದ್ದಾಗ್ಲೇ ಅಪ್ಪನ್ನ ಕಳ್ಕೊಂಡವನು, ಆ ಕಷ್ಟ ತನ್ನ ಮಕ್ಳಿಗೂ ಕೊಡ್ತಿದೀನಲ್ಲ ಅನ್ನೋ ಸಂಕಟ ಅದರಲ್ಲಿ ಇದೆ. ಚಿಕ್ಕ ಮಗ ವಿಲ್ಲಿಗೆ ನನ್ನ ನೆನಪು ಕೂಡ ಉಳಿಯಲ್ಲ ಅಂತಾನೆ. ಸತ್ತ ಮೇಲೂ ನಿನ್ನ ಹತ್ರನೇ ಇರ್ತೀನಿ, ಕೆನ್ನೆಗೆ ತಂಗಾಳಿ ತಾಕಿದ್ರೆ ಅದು ನನ್ನ ಉಸಿರು ಅನ್ಕೋ ಅನ್ನೋ ಅರ್ಥದ ಮಾತುಗಳೂ ಬರ್ತವೆ. ಒಂದೇ ವಾರಕ್ಕೆ, ಜುಲೈ 21ರಂದು, ಮೊದಲ ಬುಲ್ ರನ್ ಕದನದಲ್ಲಿ ಫಿರಂಗಿ ಗುಂಡು ಕಾಲಿಗೆ ಬಿತ್ತು. ಕಾಲು ಕತ್ತರಿಸಿದ್ರು, ಆದ್ರೂ ಉಳೀಲಿಲ್ಲ, ಒಂದು ವಾರಕ್ಕೆ ತೀರ್ಕೊಂಡ.

ಇಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿರೋ ಕಥೆ, ಸಾಮಾನ್ಯವಾಗಿ ಎಲ್ರೂ ಇಲ್ಲಿಗೇ ನಿಲ್ಲಿಸ್ತಾರೆ. ನಾನು ಇನ್ನು ಸ್ವಲ್ಪ ಹೇಳ್ತೀನಿ. ಅವನನ್ನ ಹೂಳಿದ್ದು ಆ ಕದನದ ಜಾಗದಲ್ಲೇ ಇದ್ದ ಸಡ್ಲಿ ಚರ್ಚ್ ಹತ್ರ. ಆಮೇಲೆ ಆ ಜಾಗ ದಕ್ಷಿಣದವರ ಕೈಯಲ್ಲಿತ್ತು, ಅವರಲ್ಲಿ ಕೆಲವ್ರು ಸಮಾಧಿ ಅಗೆದು ಹೆಣದ ತಲೆ ಕತ್ತರಿಸಿ, ದೇಹಾನ ಸುಟ್ಟುಹಾಕಿದ್ರು. 1862ರ ಮಾರ್ಚ್‌ನಲ್ಲಿ ಅವ್ರು ಅಲ್ಲಿಂದ ಹಿಂದೆ ಸರಿದ ಮೇಲೆ ರೋಡ್ ಐಲೆಂಡ್ ಗವರ್ನರ್ ವಿಲಿಯಂ ಸ್ಪ್ರೇಗ್ ತಾನೇ ತಂಡ ಕಟ್ಕೊಂಡು ಬಂದು ಹುಡುಕಿದ, ಸಿಕ್ಕಿದ್ದು ಬೂದಿ, ಮೂಳೆ, ಬಟ್ಟೆ ಚೂರು. ಅದನ್ನೇ ತಗೊಂಡು ಹೋಗಿ ಪ್ರಾವಿಡೆನ್ಸ್‌ನ ಸ್ವಾನ್ ಪಾಯಿಂಟ್ ಸ್ಮಶಾನದಲ್ಲಿ ಇಟ್ರು. ಸಾರಾ ಮತ್ತೆ ಮದುವೆ ಆಗ್ಲಿಲ್ಲ. 80 ವರ್ಷ ಬದುಕಿದ್ಲು, 1917ರಲ್ಲಿ ಹೋದ್ಲು, ಅವನ ಪಕ್ಕದಲ್ಲೇ ಮಲಗಿದಾಳೆ.

ಈಗ ನನ್ನ ವಿಷಯಕ್ಕೆ ಬರ್ತೀನಿ. ಆ ಕಾಗದಾನ ಬಲ್ಲೂ ಪೋಸ್ಟ್ ಮಾಡ್ಲೇ ಇಲ್ಲ ಅನ್ನೋದೇ ಹೆಚ್ಚು ಜನ ಒಪ್ಪಿರೋ ಮಾತು. ಅವನು ಸತ್ತ ಮೇಲೆ ಅವನ ಸಾಮಾನಿನ ಜೊತೆ ಸಿಕ್ಕಿದ್ದು ಅದು. ಇನ್ನೊಂದು, ಅದರ ಮೂಲ ಪ್ರತಿ ಇವತ್ತು ಎಲ್ಲೂ ಇಲ್ಲ, ಇರೋದೆಲ್ಲ ಯಾರ್ಯಾರೋ ನಕಲು ಮಾಡ್ಕೊಂಡ ಪ್ರತಿಗಳು. ಜಗತ್ತಿಗೆಲ್ಲ ಗೊತ್ತಾಗಿದ್ದು 1990ರಲ್ಲಿ ಟಿವಿಯ ಒಂದು ಡಾಕ್ಯುಮೆಂಟರಿಯಲ್ಲಿ ಅದರ ಒಂದು ಭಾಗ ಓದಿದಾಗ. ಅಂದ್ರೆ ಇಡೀ ಯುದ್ಧದ ಅತಿ ಫೇಮಸ್ ಕಾಗದ ಅಂಚೆಗೆ ಬೀಳದೇ ಇದ್ದಿದ್ದು, ಕೈಬರಹ ಕೂಡ ಉಳಿದಿಲ್ಲ! ನಾವು ಕಾಗದ ಓದುವಾಗ ಬರೆದವನನ್ನ ಮಾತ್ರ ನೋಡ್ತೀವಿ, ಅದನ್ನ ಎತ್ತಿಟ್ಟೋರು ಯಾರು ಅಂತ ಕೇಳೋದೇ ಇಲ್ಲ. ಇವತ್ತು ನಾನು ಆ ಎತ್ತಿಟ್ಟೋರ ಹಿಂದೆ ಹೋಗ್ತೀನಿ.

ಅದಕ್ಕೆ ಮುಂಚೆ ಒಂದು ಭ್ರಮೆ ಕಳೀಬೇಕು. ಬಲ್ಲೂ ಥರ ಯಾರೂ ಬರೀತಿರ್ಲಿಲ್ಲ. ನಮ್ಮ ಹಳೇ ಕಾಗದಗಳು ಉಭಯಕುಶಲೋಪರಿ ಸಾಂಪ್ರತ ಅಂತ ಶುರುವಾಗ್ತಿದ್ವಲ್ಲ, ಹಾಗೇ ಅವರದ್ದೂ ಒಂದು ಸಿದ್ಧ ಮಾತು ಇತ್ತು, ಲೇಖನಿ ಕೈಗೆ ತಗೊಂಡಿದೀನಿ, ನಾನು ಆರೋಗ್ಯವಾಗಿದೀನಿ, ಈ ನಾಲ್ಕು ಸಾಲು ನಿಮ್ಮನ್ನೂ ಹಾಗೇ ಕಾಣಲಿ ಅಂತ. ಹೊಟ್ಟೆ ಕೆಟ್ಟು ನಾಲ್ಕು ದಿನದಿಂದ ಎದ್ದಿಲ್ಲದವನೂ ಹಾಗೇ ಶುರು ಮಾಡ್ತಾನೆ, ಮೂರನೇ ಸಾಲಲ್ಲಿ ನಿಜ ಹೊರಗೆ ಬರುತ್ತೆ. ಆಮೇಲೆ ಬರೋದೆಲ್ಲ ಬೂಟು, ಸಾಕ್ಸು, ಮಳೆ, ಕೆಸರು, ಹಲ್ಲಿಗೆ ಬಗ್ಗದ ಬಿಸ್ಕತ್ತು, ಬರದೇ ಇರೋ ಸಂಬಳ, ಹಸು ಮಾರಿದ್ರಾ, ಹೊಲ ಯಾರು ಉತ್ತರು, ಸಾಲಗಾರ ಬಂದಿದ್ನಾ. ಮತ್ತೆ ಎಲ್ಲದರಲ್ಲೂ ಒಂದೇ ಗೋಳು, ನೀವು ಯಾಕೆ ಬರೀತಿಲ್ಲ, ಪಕ್ಕದ ಟೆಂಟಿನವನಿಗೆ ಮೂರು ಬಂತು ನನಗೊಂದೂ ಬರ್ಲಿಲ್ಲ.

ಪ್ರೀತಿ ಗೀತಿ ಇಲ್ವಾ ಅಂತ ಕೇಳಿದ್ರೆ, ನನ್ನ ಲೆಕ್ಕದಲ್ಲಿ ಇಷ್ಟು ಡಾಲರ್ ಕಳಿಸ್ತಿದೀನಿ, ಮೊದ್ಲು ಮಕ್ಳಿಗೆ ಬೂಟು ತಗೋ ಅನ್ನೋ ಸಾಲಲ್ಲೇ ಅದೆಲ್ಲ ಇದೆ.

ಇನ್ನು ಅಂಚೆ ಹೇಗೆ ನಡೀತಿತ್ತು ಅಂತ ಸ್ವಲ್ಪ, ಯಾಕಂದ್ರೆ ಇದು ಗೊತ್ತಿಲ್ದೆ ಮುಂದಿಂದು ಅರ್ಥ ಆಗಲ್ಲ. ಉತ್ತರದಲ್ಲಿ ಒಂದು ಕಾಗದಕ್ಕೆ ಮೂರು ಸೆಂಟ್. ಸಾದಾ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಅದೂ ಎಷ್ಟೋ ತಿಂಗಳು ತಡ, ಸ್ಟಾಂಪು ಮಳೇಲಿ ಬೆವರಲ್ಲಿ ಒಂದಕ್ಕೊಂದು ಅಂಟ್ಕೊಂಡು ಹಾಳಾಗೋದು. ಅದಕ್ಕೆ 1861ರ ಜುಲೈನಲ್ಲಿ ಕಾಂಗ್ರೆಸ್, ಅಂದ್ರೆ ಅಮೆರಿಕದ ಸಂಸತ್ತು, ಒಂದು ಕಾನೂನು ಮಾಡ್ತು, ಕವರ್ ಮೇಲೆ ಸೈನಿಕನ ಕಾಗದ ಅಂತ ಬರೆದು ಆಫೀಸರ್ ಸಹಿ ಹಾಕಿದ್ರೆ ಸ್ಟಾಂಪ್ ಬೇಡ, ತಗೊಳ್ಳೋರು ಮೂರು ಸೆಂಟ್ ಕೊಟ್ಟು ಬಿಡಿಸ್ಕೋಬೇಕು. ದಕ್ಷಿಣದವ್ರು ತಮ್ಮದೇ ಅಂಚೆ ಇಲಾಖೆ ಮಾಡ್ಕೊಂಡ್ರು, ಅಕ್ಟೋಬರ್ 1861ಕ್ಕೆ ತಮ್ಮ ಅಧ್ಯಕ್ಷ ಜೆಫರ್ಸನ್ ಡೇವಿಸ್‌ದೇ ಮುಖ ಹಾಕಿ ಸ್ಟಾಂಪ್ ತಂದ್ರು. ಅತ್ತ ಉತ್ತರದ ಸರ್ಕಾರ ತನ್ನ ಹಳೇ ಸ್ಟಾಂಪುಗಳನ್ನೇ ರದ್ದು ಮಾಡಿ ಹೊಸದು ಹಾಕ್ತು, ದಕ್ಷಿಣದಲ್ಲಿ ಉಳಿದಿರೋ ಸ್ಟಾಕು ಅವರಿಗೆ ದುಡ್ಡಾಗಬಾರ್ದು ಅಂತ. ಒಂಥರಾ ನೋಟು ರದ್ದು ಮಾಡಿದ ಹಾಗೆ. ಎರಡೂ ಕಡೆ ನಡುವೆ ಮಾಮೂಲಿ ಅಂಚೆ ನಿಂತೇ ಹೋಯ್ತು. ಉತ್ತರದಲ್ಲಿ ಸೆರೆಯಲ್ಲಿರೋ ದಕ್ಷಿಣದ ಹುಡುಗ ಅಮ್ಮಂಗೆ ಬರೀಬೇಕು ಅಂದ್ರೆ ಬಿಳಿ ಬಾವುಟದ ಹಡಗಲ್ಲಿ ಹೋಗ್ಬೇಕಿತ್ತು, ಒಂದೇ ಹಾಳೆ, ಯಾರು ಬೇಕಾದ್ರೂ ಬಿಚ್ಚಿ ಓದಬಹುದು.

ದಕ್ಷಿಣದಲ್ಲಿ ಕಾಗದಕ್ಕೇ ಬರ ಬಂತು. ಗೋಡೆಗೆ ಅಂಟಿಸೋ ಹೂವಿನ ಚಿತ್ರದ ಹಾಳೆ ಹರಿದು ಕವರ್ ಮಾಡ್ತಿದ್ರು, ಬಂದ ಕವರನ್ನೇ ಒಳಗಿಂದು ಹೊರಗೆ ತಿರುಗಿಸಿ ಮತ್ತೆ ಕಳಿಸ್ತಿದ್ರು, ಇಂಕಿಗೆ ಕಾಡುಹಣ್ಣಿನ ರಸ. ಹಾಳೆ ತುಂಬಿದ್ರೆ ಅದನ್ನ ಅಡ್ಡ ತಿರುಗಿಸಿ ಬರೆದ ಸಾಲುಗಳ ಮೇಲೇ ಮತ್ತೆ ಸಾಲು ಬರೀತಿದ್ರು, ನೋಡೋಕೆ ಹೆಣೆದ ಚಾಪೆ ಥರ. ಸ್ಕ್ಯಾನ್ ಮಾಡಿರೋ ಒಂದು ಪುಟ ನೋಡಿದೀನಿ, ಹತ್ತು ನಿಮಿಷ ಮೊಬೈಲ್ ತಿರುಗಿಸಿ ತಿರುಗಿಸಿ ಓದಿದ್ರೂ ಮೂರೇ ಸಾಲು ಗೊತ್ತಾಗಿದ್ದು, ಅದರಲ್ಲಿ ಒಂದು ಹಂದಿ ಬೆಲೆ.

ಇನ್ನೊಂದು ಸಂಗತಿ, ಇದು ಮುಖ್ಯ. ಆಮೇಲಿನ ಮಹಾಯುದ್ಧಗಳಲ್ಲಿ ಆಫೀಸರುಗಳು ಸೈನಿಕರ ಕಾಗದ ಓದಿ ಕಪ್ಪು ಬಳಿದು ಕಳಿಸ್ತಿದ್ರಲ್ಲ, ಸೆನ್ಸಾರ್, ಅದು ಈ ಯುದ್ಧದಲ್ಲಿ ಕೈದಿಗಳ ಅಂಚೆ ಬಿಟ್ರೆ ಹೆಚ್ಚುಕಡಿಮೆ ಇರ್ಲೇ ಇಲ್ಲ. ಜನರಲ್ ದಡ್ಡ ಅಂತ ಬರೀಬಹುದಿತ್ತು, ಬರೆದ್ರು. ಜೊತೆಗೆ ಓದು ಬರಹ ಬಲ್ಲವರ ಸೈನ್ಯ, ಬಿಳಿ ಸೈನಿಕರಲ್ಲಿ ಉತ್ತರದಲ್ಲಿ ನೂರಕ್ಕೆ 90ರ ಹತ್ರ, ದಕ್ಷಿಣದಲ್ಲಿ 80ರ ಹತ್ರ ಓದು ಬರಹ ಇತ್ತು ಅಂತ ಇತಿಹಾಸಕಾರರ ಅಂದಾಜು. ಅದಕ್ಕೇ ಇಷ್ಟೊಂದು ಕಾಗದ, ಇಷ್ಟು ಬಿಚ್ಚುಮನಸ್ಸಿನ ಕಾಗದ.

ಹಾಗಾದ್ರೆ ಹೆಂಡತಿಯರು, ಅಮ್ಮಂದಿರು ಬರೆದ ಕಾಗದ ಎಲ್ಲಿ ಅಂತ ಕೇಳ್ಬೇಕು ನೀವು. ಬಹಳ ಕಮ್ಮಿ ಇದಾವೆ. ಗಂಡಸರದ್ದು ಮನೆಗೆ ಬಂತು, ಮನೇಲಿ ಪೆಟ್ಟಿಗೆ ಇತ್ತು, ಉಳೀತು. ಹೆಂಗಸರದ್ದು ಕ್ಯಾಂಪಿಗೆ ಹೋಯ್ತು, ಅಲ್ಲಿ ಬೆನ್ನ ಮೇಲಿನ ಚೀಲ ಒಂದೇ, ಮಳೇಲಿ ನೆನೆದ್ರೆ ಆಯ್ತು. ಅದೂ ಅಲ್ದೆ ಕದನಕ್ಕೆ ಮುಂಚೆ ಸೈನಿಕರು ಬೇಕಂತಲೇ ಸುಟ್ಟುಹಾಕ್ತಿದ್ರು. ನಾನು ಸತ್ರೆ ಶತ್ರು ನನ್ನ ಜೇಬಿಂದ ತೆಗೆದು ನನ್ನ ಹೆಂಡತಿ ಮಾತನ್ನ ಬೆಂಕಿ ಮುಂದೆ ಕೂತು ಓದಿ ನಗ್ತಾನೆ ಅನ್ನೋ ಭಯ. (ಇಸ್ಪೀಟ್ ಎಲೆಗಳನ್ನೂ ಬಿಸಾಕ್ತಿದ್ರು, ಅದು ಬೇರೆ ಕಾರಣಕ್ಕೆ. ಜೇಬಲ್ಲಿದ್ದ ಸಾಮಾನು ಮನೆಗೆ ಹೋದ್ರೆ ಅಮ್ಮ ನೋಡ್ತಾಳಲ್ಲ.) ಹಾಗಾಗಿ ನಮಗೆ ಕೇಳಿಸ್ತಿರೋದು ಬಸ್ಸಲ್ಲಿ ಪಕ್ಕದವರ ಫೋನ್ ಮಾತು ಇದ್ದ ಹಾಗೆ, ಒಂದೇ ಕಡೆದು. ಗಂಡ ಬರೀತಾನೆ, ಅಷ್ಟು ಕಟುವಾಗಿ ಬರೀಬೇಡ ಅಂತ. ಅವಳು ಏನು ಬರೆದಿದ್ಲೋ!

ಎಲ್ರೂ ಸುಡ್ಲಿಲ್ಲ. ಕೆಲವ್ರಿಗೆ ಜೇಬಲ್ಲಿರೋ ಕಾಗದನೇ ಗುರುತಿನ ಚೀಟಿ. ಸರ್ಕಾರ ಕೊಡೋ ಬಿಲ್ಲೆ ಗಿಲ್ಲೆ ಏನೂ ಇರ್ಲಿಲ್ಲ ಆಗ, ನಿಮ್ಮ ಮಗ ಹೋದ ಅಂತ ಮನೆಗೆ ತಿಳಿಸೋ ವ್ಯವಸ್ಥೆನೂ ಇರ್ಲಿಲ್ಲ. ಸತ್ತವರು ಆರು ಲಕ್ಷ 20 ಸಾವಿರ ಅಂತ ಹಳೇ ಲೆಕ್ಕ, ಈಚಿನ ಲೆಕ್ಕದಲ್ಲಿ ಏಳೂವರೆ ಲಕ್ಷದವರೆಗೂ ಹೇಳ್ತಾರೆ, ಮೂರರಲ್ಲಿ ಎರಡು ಪಾಲು ಕಾಯಿಲೆಯಿಂದ. ಇಷ್ಟು ಸಾವನ್ನ ಮನೆಗಳಿಗೆ ಮುಟ್ಟಿಸಿದ್ದು ಪೇಪರಲ್ಲಿ ಬರೋ ಪಟ್ಟಿ ಮತ್ತೆ ಪಕ್ಕದ ಟೆಂಟಿನ ಗೆಳೆಯ ಬರೆದ ಕಾಗದ. ಆಸ್ಪತ್ರೆಯಲ್ಲಿದ್ರೆ ನರ್ಸು ಬರೀತಿದ್ಲು, ವಾಷಿಂಗ್ಟನ್ ಆಸ್ಪತ್ರೆಗಳಲ್ಲಿ ಕವಿ ವಾಲ್ಟ್ ವಿಟ್‌ಮನ್ ಹಾಸಿಗೆ ಪಕ್ಕ ಕೂತು ಎಷ್ಟೋ ಹುಡುಗರ ಪರವಾಗಿ ಬರೆದ.

ಒಬ್ಬ ಮಾತ್ರ ಆ ಕೆಲಸ ಯಾರಿಗೂ ಬಿಡ್ಲಿಲ್ಲ. ಜೇಮ್ಸ್ ರಾಬರ್ಟ್ ಮಾಂಟ್‌ಗಮರಿ, ಮಿಸಿಸಿಪ್ಪಿಯವನು, ದಕ್ಷಿಣದ ಸೈನ್ಯ, 26 ವಯಸ್ಸು. 1864ರ ಮೇ 10, ವರ್ಜೀನಿಯಾದ ಸ್ಪಾಟ್‌ಸಿಲ್ವೇನಿಯಾ. ಶೆಲ್ ಚೂರು ಬಲಭುಜ ಛಿದ್ರ ಮಾಡಿದೆ, ಇನ್ನೂ ಪ್ರಾಣ ಇದೆ, ಕೂತು ಅಪ್ಪನಿಗೆ ಬರೀತಾನೆ, ಇದು ನನ್ನ ಕೊನೇ ಕಾಗದ, ಸಾವು ಖಂಡಿತ, ನಾನು ಸತ್ತಿದ್ದು ನನ್ನ ಗೆಳೆಯನೊಬ್ಬ ನಿಮಗೆ ತಿಳಿಸ್ತಾನೆ, ನನ್ನ ಸಮಾಧಿಗೆ ಗುರುತು ಹಾಕಿರ್ತಾರೆ, ಬೇಕಾದ್ರೆ ಬಂದು ತಗೊಂಡು ಹೋಗಿ. ಆ ಹಾಳೆ ಮೇಲೆ ರಕ್ತದ ಕಲೆ ಇದೆ, ಈಗ ಕಂದು ಬಣ್ಣಕ್ಕೆ ತಿರುಗಿದೆ, ಅಕ್ಷರದ ನಡುವೆನೇ ಹರಡಿದೆ. ನಾಲ್ಕು ದಿನ ಬಿಟ್ಟು ತೀರ್ಕೊಂಡ. ಗೆಳೆಯ ಕೊಟ್ಟ ಮಾತಿನ ಹಾಗೆ ಬರೆದ, ಸಮಾಧಿ ಎಲ್ಲಿದೆ ಅಂತಾನೂ ತಿಳಿಸಿದ. ಆದ್ರೂ ಮನೆಯವರಿಗೆ ಆ ಸಮಾಧಿ ಸಿಗ್ಲೇ ಇಲ್ಲ. ಮಗನ ಬದಲಿಗೆ ಆ ಕಲೆಯಾದ ಹಾಳೆ ಉಳೀತು, ಅದನ್ನೇ ಕಾಪಾಡಿದ್ರು.

ದುಃಖದ್ದೇ ಹೇಳ್ತಿದೀನಿ ಅನ್ಸುತ್ತೆ, ಸ್ವಲ್ಪ ಬೇರೆ ಕಡೆ ಹೋಗೋಣ. ಸಾರಾ ರೊಸೆಟ್ಟಾ ವೇಕ್‌ಮನ್ ಅಂತ ಒಬ್ಬಳು, ಹೌದು ಹೆಣ್ಣುಮಗಳು, ನ್ಯೂಯಾರ್ಕ್ ರಾಜ್ಯದ ರೈತನ ಮಗಳು, 1843ರಲ್ಲಿ ಹುಟ್ಟಿದ್ದು, ಒಂಬತ್ತು ಮಕ್ಕಳಲ್ಲಿ ದೊಡ್ಡವಳು, ಮನೇಲಿ ಸಾಲ. 1862ರಲ್ಲಿ ಗಂಡಸಿನ ಬಟ್ಟೆ ಹಾಕ್ಕೊಂಡು ಮನೆ ಬಿಟ್ಲು, ಕಾಲುವೆ ದೋಣೀಲಿ ಕೆಲಸ ಮಾಡಿದ್ಲು, ಆಮೇಲೆ ಲಯನ್ಸ್ ವೇಕ್‌ಮನ್ ಅನ್ನೋ ಹೆಸರಲ್ಲಿ 153ನೇ ನ್ಯೂಯಾರ್ಕ್ ದಳ ಸೇರಿದ್ಲು, ಸೇರಿದ್ದಕ್ಕೆ 152 ಡಾಲರ್ ಸಿಕ್ತು. ಎತ್ತರ ಐದೇ ಅಡಿ. ಮನೆಗೆ ಬರೆದ ಕಾಗದಗಳಲ್ಲಿ ಮೊದಲು ದುಡ್ಡಿನ ವಿಷಯ, ಇಷ್ಟು ಕಳಿಸಿದೀನಿ, ಮುಟ್ತಾ, ಮನೆಗೆ ಬೇಕಾದ್ದು ತಗೊಳ್ಳಿ. ತಾನೀಗ ಮಂಜುಗಡ್ಡೆ ಮೇಲಿನ ಹಂದಿಯಷ್ಟು ಸ್ವತಂತ್ರ ಅಂತಾನೂ ಒಂದು ಕಡೆ ಬರೀತಾಳೆ. ಮಂಜುಗಡ್ಡೆ ಮೇಲೆ ಹಂದಿ ಎಷ್ಟು ಸ್ವತಂತ್ರವಾಗಿರುತ್ತೆ ಅಂತ ನನಗೆ ಇನ್ನೂ ಅರ್ಥ ಆಗಿಲ್ಲ, ಆದ್ರೆ ಆ ಹುಡುಗಿಗೆ ಅರ್ಥ ಆಗಿತ್ತು ಅನ್ಸುತ್ತೆ. ಎಷ್ಟೋ ಕಾಗದಕ್ಕೆ ತನ್ನ ನಿಜವಾದ ಹೆಸರೇ ಹಾಕ್ತಾಳೆ, ಆಗ್ಲೇ ಹೇಳಿದ್ನಲ್ಲ, ಸೆನ್ಸಾರ್ ಇಲ್ಲ ಅಂತ. ಯಾರಾದ್ರೂ ಒಬ್ಬ ಆಫೀಸರ್ ಬಿಚ್ಚಿ ನೋಡಿದ್ರೆ ಅವತ್ತೇ ಮನೆಗೆ ವಾಪಸ್.

1864ರಲ್ಲಿ ಲೂಸಿಯಾನಾದ ರೆಡ್ ರಿವರ್ ದಂಡಯಾತ್ರೆ, ಅಲ್ಲಿ ಪ್ಲೆಸೆಂಟ್ ಹಿಲ್‌ನಲ್ಲಿ ಹೋರಾಡಿದ್ಲು, ಗುಂಡಿಗೆ ಸಾಯ್ಲಿಲ್ಲ, ಭೇದಿಗೆ ಸತ್ತಳು, ಜೂನ್ 19, ನ್ಯೂ ಆರ್ಲಿಯನ್ಸ್ ಆಸ್ಪತ್ರೆ. ಚಾಲ್ಮೆಟ್ ರಾಷ್ಟ್ರೀಯ ಸ್ಮಶಾನದಲ್ಲಿ ಕಲ್ಲಿದೆ, ಕಲ್ಲಿನ ಮೇಲೆ ಲಯನ್ಸ್ ಅಂತಾನೇ ಇದೆ. ಆ ಕಾಗದಗಳು ಬಂಧುಗಳ ಮನೆ ಅಟ್ಟದ ಮೇಲೆ ನೂರು ವರ್ಷಕ್ಕೂ ಹೆಚ್ಚು ಸುಮ್ನೆ ಕೂತಿದ್ವು, ಅಚ್ಚಾಗಿದ್ದು 1994ರಲ್ಲಿ. ಹೊರಗೆ ತೋರಿಸೋಕೆ ಮನಸ್ಸಿಲ್ಲ, ಬಿಸಾಕೋಕೂ ಮನಸ್ಸಿಲ್ಲ, ಅಂಥ ವಸ್ತುಗಳು ಸೇರೋ ಜಾಗ ಅಟ್ಟನೇ ತಾನೇ.

ಕೊನೇದು. ಇದನ್ನ ಹೇಳೋಕೇ ನಾನು ಇಷ್ಟೆಲ್ಲ ಸುತ್ತು ಬಂದಿದ್ದು.

ಸ್ಪಾಟ್ಸ್‌ವುಡ್ ರೈಸ್, ಮಿಸೌರಿ ರಾಜ್ಯದ ಗ್ಲಾಸ್ಗೋ ಹತ್ರ ತಂಬಾಕು ತೋಟದಲ್ಲಿ ಗುಲಾಮನಾಗಿದ್ದವನು. 1864ರ ಶುರುವಿನಲ್ಲಿ ಓಡಿ ಬಂದು ಯೂನಿಯನ್, ಅಂದ್ರೆ ಉತ್ತರದ ಸೈನ್ಯ ಸೇರಿದ, 67ನೇ ಕಪ್ಪು ಸೈನಿಕರ ದಳ. ಗುಲಾಮರಿಗೆ ಬಿಡುಗಡೆ ಅಂತ ಲಿಂಕನ್ ಮಾಡಿದ ವಿಮೋಚನಾ ಘೋಷಣೆ 1863ರ ಜನವರಿಗೇ ಬಂದಿತ್ತಲ್ಲ ಅಂತೀರಿ, ಅದು ದಂಗೆ ಎದ್ದ ರಾಜ್ಯಗಳಿಗೆ ಮಾತ್ರ. ಮಿಸೌರಿ ಒಕ್ಕೂಟದಲ್ಲೇ ಉಳಿದಿತ್ತು, ಹಾಗಾಗಿ ಅಲ್ಲಿ ಗುಲಾಮಗಿರಿ ಇನ್ನೂ ಕಾನೂನುಬದ್ಧ, 1865ರ ಜನವರಿ 11ರವರೆಗೂ. ಎಂಥ ಪರಿಸ್ಥಿತಿ ನೋಡಿ, ಅಪ್ಪ ಅಮೆರಿಕ ಸರ್ಕಾರದ ಸಮವಸ್ತ್ರದಲ್ಲಿ ಇದಾನೆ, ಮಕ್ಳು ಅದೇ ಸರ್ಕಾರದ ಕೆಳಗೆ ಇನ್ನೊಬ್ಬರ ಆಸ್ತಿ. ಮೇರಿ, ಕೋರಾ ಅಂತ ಇಬ್ರು ಹೆಣ್ಣುಮಕ್ಳು, ಮೇರಿಯ ಯಜಮಾನಿ ಕಿಟ್ಟಿ ಡಿಗ್ಸ್ ಅಂತ.

1864 ಸೆಪ್ಟೆಂಬರ್ 3, ಸೇಂಟ್ ಲೂಯಿಸ್‌ನ ಬೆಂಟನ್ ಬ್ಯಾರಕ್ಸ್ ಆಸ್ಪತ್ರೆಯಿಂದ ರೈಸ್ ಮಕ್ಳಿಗೆ ಒಂದು ಕಾಗದ ಬರೀತಾನೆ. ನಿಮ್ಮನ್ನ ಮರೆತಿಲ್ಲ, ಪ್ರಾಣ ಹೋದ್ರೂ ಸರಿ ನಿಮ್ಮನ್ನ ಬಿಡಿಸ್ಕೋತೀನಿ, ಬಿಳಿ ಸೈನಿಕರು ಎಂಟುನೂರು ಕಪ್ಪು ಸೈನಿಕರು ಎಂಟುನೂರು ನದಿ ಮೇಲೆ ಗ್ಲಾಸ್ಗೋ ಕಡೆ ಬರ್ತಿದೀವಿ, ಧೈರ್ಯವಾಗಿರಿ. ಯಜಮಾನಿಗೆ ಬೇರೆ ಕಾಗದ, ಅದರ ಧಾಟಿನೇ ಬೇರೆ. ನನ್ನ ಮಗೂನ ನಾನು ಕದಿಯೋಕೆ ನೋಡಿದೆ ಅಂತೀಯಂತೆ, ಅವಳು ದೇವರು ನನಗೆ ಕೊಟ್ಟ ಮಗು, ಎಷ್ಟು ದಿನ ನನ್ನಿಂದ ದೂರ ಇಡ್ತೀಯೋ ಅಷ್ಟು ದಿನ ನರಕದಲ್ಲಿ ಬೇಯ್ತೀಯ. ಆಮೇಲೆ ಒಂದು ಮಾತು ಬರುತ್ತೆ, ನಾನು ಅಲ್ಲಿಗೆ ಬಂದಾಗಲೆಲ್ಲ ನಿಂತುಬಿಡ್ತೀನಿ. ನನ್ನ ಸ್ವಂತ ಮಗುಗೆ ಹಿಂದೆ ಒಂದ್ಸಲ ನಿನಗೆ 40 ಡಾಲರ್ ಕೊಡ್ತೀನಿ ಅಂದಿದ್ದೆ, ನೀನು ತಗೊಳ್ಳದೇ ಇದ್ದಿದ್ದೇ ಒಳ್ಳೇದಾಯ್ತು ಅಂತಾನೆ. ದುಡ್ಡು ಕೊಟ್ಟು ಬಿಡಿಸ್ಕೊಂಡಿದ್ರೆ ಅವಳು ಯಾರದ್ದೋ ಮಾಲು ಅಂತ ತಾನೇ ಒಪ್ಪಿದ ಹಾಗಾಗ್ತಿತ್ತಲ್ಲ. ಇದು ನಾನು ಓದ್ಕೊಂಡಿರೋ ರೀತಿ, ಅವನು ಬಿಡಿಸಿ ಹೇಳಿಲ್ಲ.

ಸ್ಪೆಲಿಂಗ್ ಎಲ್ಲ ಕಿವಿಗೆ ಕೇಳಿದ ಹಾಗೆ ಬರೆದಿರೋದು, ವಾಕ್ಯಕ್ಕೆ ಕೊನೆ ಅನ್ನೋದು ಇಲ್ಲ, ಉಸಿರು ಕಟ್ಟಿ ಓದ್ಬೇಕು.

ಈಗ ನನ್ನ ಪ್ರಶ್ನೆ, ಈ ಕಾಗದ ಎತ್ತಿಟ್ಟೋರು ಯಾರು? ಮಕ್ಳ ಹತ್ರ ಪೆಟ್ಟಿಗೆ ಇಲ್ಲ, ಅಟ್ಟ ಇಲ್ಲ. ಆಗಿದ್ದೇನಂದ್ರೆ ಕಿಟ್ಟಿ ಡಿಗ್ಸ್ ಅಣ್ಣತಮ್ಮಂದಿರಲ್ಲಿ ಒಬ್ಬ ಗ್ಲಾಸ್ಗೋ ಊರಿನ ಪೋಸ್ಟ್ ಮಾಸ್ಟರ್! ಕಾಗದಗಳು ಅವನ ಕೈಗೆ ಸಿಕ್ವು. ಮೈಯೆಲ್ಲ ಉರಿದು, ಅಲ್ಲಿನ ಸೈನ್ಯದ ಮುಖ್ಯಸ್ಥ ಜನರಲ್ ರೋಸ್‌ಕ್ರಾನ್ಸ್‌ಗೆ ಕಂಪ್ಲೇಂಟ್ ಬರೆದ, ನಾನು ನಿಷ್ಠಾವಂತ, ಒಬ್ಬ ಕಪ್ಪು ಮನುಷ್ಯನಿಂದ ಇಂಥ ಅವಮಾನ ಸಹಿಸಕ್ಕಾಗಲ್ಲ, ಇವನನ್ನ ಈ ರಾಜ್ಯದಿಂದ ಆಚೆ ಕಳಿಸಿ ಅಂತ. ಸಾಕ್ಷಿಗೆ ರೈಸ್ ಬರೆದ ಎರಡೂ ಕಾಗದಗಳನ್ನ ಜೊತೆಗಿಟ್ಟ. ಸೈನ್ಯದ ಕಚೇರಿ ಅಂದ್ರೆ ಗೊತ್ತಲ್ಲ, ಬಂದಿದ್ದನ್ನೆಲ್ಲ ಫೈಲ್ ಮಾಡುತ್ತೆ. ಫೈಲ್ ಆಯ್ತು. ಇವತ್ತು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಬಲ್ಲೂ ಕಾಗದದ ಮೂಲ ಹೋಯ್ತು, ರೈಸ್ ಕೈಬರಹ ಉಳೀತು, ಉಳಿಸಿದ್ದು ಅವನ ಮೇಲೆ ಹಲ್ಲು ಮಸೆದವನು.

ಮಕ್ಳು ಸಿಕ್ರಾ ಅಂತ ಮುಂದಿನ ಸಾಲಲ್ಲಿ ಕೂತಿರೋರು ಒಬ್ರು ಕೇಳ್ತಿದಾರೆ. ಸಿಕ್ರು. ಯುದ್ಧ ಮುಗಿಯೋ ಹೊತ್ತಿಗೆ ಕುಟುಂಬ ಸೇಂಟ್ ಲೂಯಿಸ್‌ನಲ್ಲಿ ಒಂದಾಯ್ತು, ರೈಸ್ ಆಮೇಲೆ ಚರ್ಚಿನ ಪಾದ್ರಿಯಾದ. ಮೇರಿ ಬಹಳ ಕಾಲ ಬದುಕಿದ್ಲು. 1937ರಲ್ಲಿ ಸರ್ಕಾರದವರು ಹಿಂದೆ ಗುಲಾಮರಾಗಿದ್ದವರನ್ನ ಹುಡುಕಿ ಅವರ ನೆನಪು ಬರ್ಕೋತಿದ್ರು, ಸೇಂಟ್ ಲೂಯಿಸ್‌ನಲ್ಲಿ ಮೇರಿ ಬೆಲ್ ಅನ್ನೋ 85ರ ಅಜ್ಜಿ ಮನೆಗೂ ಹೋದ್ರು, ಅವಳೇ ಇವಳು. ಅಪ್ಪನಿಗೆ ಓದೋಕೆ ಕಲಿಸಿದ್ದು ತೋಟದ ಯಜಮಾನನ ಮಗ, ಅವರಪ್ಪನ ಮಾತು ಮೀರಿ, ಅಂತ ಹೇಳಿದ್ಲು. ಅಪ್ಪನ ಯಜಮಾನ ಬೇರೆ, ನಮ್ಮ ಯಜಮಾನಿ ಬೇರೆ, ಅಪ್ಪ ವಾರಕ್ಕೆ ಎರಡೇ ರಾತ್ರಿ ನಮ್ಮ ಹತ್ರ ಬರ್ತಿದ್ದ, ಎಷ್ಟೋ ಸಲ ಏಟು ತಿಂದು ಮೈಯೆಲ್ಲ ರಕ್ತ ಮಾಡ್ಕೊಂಡು ಬರ್ತಿದ್ದ, ಅಮ್ಮ ಬಟ್ಟೆ ಬಿಚ್ಚಿ ಮೈ ತೊಳೆದು ಗಾಯಕ್ಕೆ ಜಿಡ್ಡು ಹಚ್ತಿದ್ಲು ಅಂತಾನೂ ಹೇಳಿದ್ಲು. ಸೈನ್ಯದ ಗಂಡಸರು ಅಂದ್ರೆ ನನಗೆ ಇಷ್ಟ, ಅಪ್ಪ, ಅಣ್ಣ, ಗಂಡ, ಮಗ ಎಲ್ರೂ ಸೈನ್ಯದವರೇ ಅಂದ್ಲು.